ಮೊದಲ ಹೆಬ್ಬಾವು ಯಾವುದಿರಲಿ?

ಪ್ರಶ್ನೆ: ಒಂದು ಹೆಬ್ಬಾವು ಸಾಕಬೇಕೆಂದು ಬಹಳ ದಿನಗಳಿಂದ ಆಸೆ. ಬರ್ಮೀಸ್ ಪೈಥಾನ್‌ನ ಹಳದಿ ಮರಿಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ, ತುಂಬ ಸಾಧುವಾಗಿತ್ತು. ಗೆಳೆಯರೆಲ್ಲ ಬಾಲ್ ಪೈಥಾನ್ ತಗೋ ಅನ್ನುತ್ತಾರೆ. ನನ್ನ ಹೆಂಡತಿಗೆ ಗ್ರೀನ್ ಟ್ರೀ ಪೈಥಾನ್ ಮೇಲೆ ಕಣ್ಣು. ಒಂಬತ್ತು ವರ್ಷದ ಮಗಳಿದ್ದಾಳೆ, ಅವಳಿಗೂ ಹಾವನ್ನು ಹಿಡಿಯುವ ಆಸೆ. ಮನೆ ಚಿಕ್ಕದು. ಹಾವು ಊಟ ಬಿಟ್ಟರೆ ನನಗೆ ನಿದ್ದೆ ಬರಲಿಕ್ಕಿಲ್ಲ, ಅಷ್ಟು ಗಾಬರಿಯ ಸ್ವಭಾವ. ಯಾವುದು ಸರಿ?

ಉತ್ತರ: ಮೊದಲು ಬರ್ಮೀಸ್ ಆಸೆಯನ್ನು ಬಿಟ್ಟುಬಿಡಿ. ನೀವು ಹಿಡಿದದ್ದು ಮರಿ. ಚೆನ್ನಾಗಿ ತಿಂದರೆ ಮೂರು ವರ್ಷದೊಳಗೆ ಅದು 3 ಮೀಟರ್ ಮುಟ್ಟುತ್ತದೆ, ಹೆಣ್ಣಾದರೆ ಇನ್ನೂ ಬೆಳೆಯುತ್ತದೆ. ಫ್ಲಾರಿಡಾದ ಜೌಗಿನಲ್ಲಿ ಸಿಕ್ಕ ಒಂದು ಹೆಣ್ಣಿನ ವಿವರ 2022ರಲ್ಲಿ ಹೊರಬಂತು: ಉದ್ದ 18 ಅಡಿಯ ಹತ್ತಿರ, ತೂಕ ಸುಮಾರು 98 ಕೆ.ಜಿ. ಅಲ್ಲಿ ಈ ಹಾವುಗಳು ಕಾಡು ಸೇರಿದ್ದೇ ಸಾಕಿದವರ ಮನೆಗಳಿಂದ, ಸಾಕಣೆ ಕೇಂದ್ರಗಳಿಂದ. ಅಲ್ಲಿನ ಸಣ್ಣ ಪ್ರಾಣಿಗಳನ್ನು ತಿಂದು ಮುಗಿಸುತ್ತಿವೆ ಎಂದು 2012ರಲ್ಲಿ ಅಮೆರಿಕ ಸರ್ಕಾರ ಅವುಗಳ ಆಮದನ್ನೇ ನಿಷೇಧಿಸಿತು. ಬೆಳೆದ ಬರ್ಮೀಸ್ ಎಷ್ಟೇ ಸಾಧುವಾಗಿದ್ದರೂ ಅದರ ಪೆಟ್ಟಿಗೆ ತೆರೆಯುವಾಗ ಪಕ್ಕದಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು. ಮಗುವಿರುವ ಚಿಕ್ಕ ಮನೆಗೆ ಅದು ಬೇಡ.

ನಿಮ್ಮ ಮನೆಯವರ ಆಯ್ಕೆ ಅಂದದಲ್ಲಿ ಎಲ್ಲಕ್ಕಿಂತ ಮುಂದಿದೆ, ಒಪ್ಪುತ್ತೇನೆ. ಮರಿ ಹಳದಿಯೋ ಕೆಂಪೋ ಇರುತ್ತದೆ, ಬೆಳೆಯುತ್ತ ಹಸಿರಾಗುತ್ತದೆ. ಆದರೆ ಅದು ಕೊಂಬೆಗೆ ಸುತ್ತಿಕೊಂಡು ಕೂತಿರುವುದನ್ನು ನೋಡಿ ಸಂತೋಷಪಡಬೇಕಾದ ಹಾವು. ಎಳೆಯ ಮರಿಯನ್ನು ಕೊಂಬೆಯಿಂದ ಎಳೆದು ತೆಗೆದರೆ ಬೆನ್ನುಮೂಳೆಗೆ, ಬಾಲಕ್ಕೆ ಪೆಟ್ಟಾಗಬಹುದು. ಮುಂದಿನ ಹಲ್ಲುಗಳು ಉದ್ದ. ಮಗಳು ಹಿಡಿಯಬೇಕು ಅಂತಿದ್ದಾಳಲ್ಲ, ಹಾಗಾಗಿ ಇದೂ ಆಗುವುದಿಲ್ಲ.

ಇನ್ನು ಬಾಲ್ ಪೈಥಾನ್. ಗೆಳೆಯರು ಹೇಳಿದ್ದು ತಪ್ಪಲ್ಲ. 3ರಿಂದ 5 ಅಡಿ ಉದ್ದ, ಮೈ ದಪ್ಪ, ನಡೆ ನಿಧಾನ. ಹೆದರಿದರೆ ಕಚ್ಚುವುದಕ್ಕಿಂತ ಉಂಡೆಯಾಗಿ ತಲೆ ಅಡಗಿಸಿಕೊಳ್ಳುವುದೇ ಜಾಸ್ತಿ. ಮಕ್ಕಳ ಕೈಗೆ ಇದಕ್ಕಿಂತ ಶಾಂತವಾದ ಹೆಬ್ಬಾವು ಕಡಿಮೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಇದು ಇಲಿಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಹಗಲು ಕಳೆಯುತ್ತದೆ. ಆದ್ದರಿಂದ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಗೂಡು ಸಿಕ್ಕರೇ ಅದಕ್ಕೆ ನೆಮ್ಮದಿ. ಆಯಸ್ಸೂ ದೊಡ್ಡದು, 20ರಿಂದ 30 ವರ್ಷ ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಹೆಣ್ಣು 2020ರಲ್ಲಿ ಮೊಟ್ಟೆ ಇಟ್ಟಿತು! ಮಗಳು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಹಾವು ನಿಮ್ಮ ಬಳಿಯೇ ಇರುತ್ತದೆ, ಇದನ್ನು ಈಗಲೇ ಮಾತಾಡಿಕೊಳ್ಳಿ.

ಆದರೆ ಹಾವು ಊಟ ಬಿಟ್ಟರೆ ನಿದ್ದೆ ಬರಲಿಕ್ಕಿಲ್ಲ ಎಂಬ ನಿಮ್ಮ ಮಾತು ನನ್ನನ್ನು ತಡೆಯಿತು. ಉಪವಾಸದಲ್ಲಿ ಬಾಲ್ ಪೈಥಾನ್ ಎತ್ತಿದ ಕೈ. ನನ್ನಲ್ಲಿರುವ ಗಂಡು ಚಳಿಗಾಲ ಬಂತೆಂದರೆ ಊಟ ನಿಲ್ಲಿಸುತ್ತದೆ, ತಿಂಗಳುಗಟ್ಟಲೆ ಇಲಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದರ ತೂಕ ಬರೆದಿಡುತ್ತೇನೆ, ಇಳಿದಿಲ್ಲವೆಂದರೆ ಸುಮ್ನಿರುತ್ತೇನೆ. ಎಲ್ಲರಿಗೂ ಹಾಗೆ ಸುಮ್ನಿರಲು ಆಗುವುದಿಲ್ಲ. ಗಾಬರಿಯಲ್ಲಿ ದಿನಾ ಇಲಿ ತೋರಿಸಿ, ಪೆಟ್ಟಿಗೆ ಬದಲಿಸಿ, ಹಾವನ್ನು ಇನ್ನಷ್ಟು ಕಂಗೆಡಿಸುವವರೇ ಹೆಚ್ಚು.

ಹಾಗಾಗಿ ನಿಮಗೆ ನನ್ನ ಸಲಹೆ, ನೀವು ಕೇಳದೇ ಇದ್ದ ನಾಲ್ಕನೆಯ ಹಾವು: ಸ್ಪಾಟೆಡ್ ಪೈಥಾನ್. ಆಸ್ಟ್ರೇಲಿಯಾದ್ದು. ಬೆಳೆದರೂ ಮೂರು, ಮೂರೂವರೆ ಅಡಿ. ಕಂದು ಮೈಮೇಲೆ ಗಾಢ ಚುಕ್ಕೆಗಳು, ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಹೊಳಪು. ತನ್ನ ನಾಡಿನಲ್ಲಿ ಗವಿಯ ಬಾಯಲ್ಲಿ ಜೋತುಬಿದ್ದು, ಹಾರಿ ಹೊರಬರುವ ಬಾವಲಿಗಳನ್ನು ಹಿಡಿಯುವ ಚುರುಕು ಬೇಟೆಗಾರ. ಆ ಹಸಿವೇ ನಿಮಗೆ ವರ. ಊಟ ಬೇಡ ಅನ್ನುವುದು ಅಪರೂಪ. ಗಾಳಿಯ ತೇವಾಂಶದ ವಿಷಯದಲ್ಲೂ ಬಾಲ್ ಪೈಥಾನ್‌ನಷ್ಟು ತಕರಾರಿಲ್ಲ. ಪೊರೆ ಬಿಡುವ ಹೊತ್ತಿಗೆ ಒದ್ದೆ ಪಾಚಿ ತುಂಬಿದ ಒಂದು ಡಬ್ಬಿ ಇಟ್ಟರೆ ಸಾಕು.

ಅದೇ ಹಸಿವಿನಿಂದ ಒಂದು ತೊಂದರೆಯೂ ಇದೆ. ಪೆಟ್ಟಿಗೆ ತೆರೆದದ್ದೆಲ್ಲ ಊಟಕ್ಕೇ ಅಂದುಕೊಂಡು ಕೈಗೆ ಬಾಯಿ ಹಾಕುತ್ತದೆ. ವಿಷವಿಲ್ಲ, ಸಣ್ಣ ಗೀರುಗಳಾಗುತ್ತವೆ ಅಷ್ಟೆ, ಆದರೆ ಮಗು ಹೆದರಿ ಹಾವನ್ನು ಕೆಳಗೆ ಬಿಟ್ಟೀತು. ಇದಕ್ಕೆ ಒಳ್ಳೆಯ ಅಭ್ಯಾಸವೊಂದಿದೆ. ಎತ್ತುವ ಮುಂಚೆ ಒಂದು ಕಡ್ಡಿಯಿಂದ ಅದರ ಮೈಯನ್ನು ಮೆಲ್ಲಗೆ ಮುಟ್ಟಿ. ಕಡ್ಡಿ ಮುಟ್ಟಿದರೆ ಊಟವಲ್ಲ ಎಂದು ಕೆಲವೇ ವಾರಗಳಲ್ಲಿ ಕಲಿಯುತ್ತದೆ. ಇಲಿಯನ್ನು ಯಾವಾಗಲೂ ಉದ್ದ ಇಕ್ಕಳದಲ್ಲೇ ಕೊಡಿ, ಬೆರಳಲ್ಲಿ ಬೇಡ. ಊಟವಾದ ಮೇಲೆ ಎರಡು ದಿನ ಮುಟ್ಟಬೇಡಿ. ಹಾವನ್ನು ಹಿಡಿದ ಮೇಲೆ ಮಗಳು ಸೋಪಿನಿಂದ ಕೈ ತೊಳೆಯಲೇಬೇಕು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯ ಎಲ್ಲ ಸರೀಸೃಪಗಳಲ್ಲೂ ಇದೆ.

ತೀರ ಎಳೆಯ ಮರಿ ತಗೋಬೇಡಿ. ಕೆಲವು ಮರಿಗಳು ಹಲ್ಲಿಯ ವಾಸನೆ ಇಲ್ಲದೆ ಇಲಿ ಮುಟ್ಟುವುದಿಲ್ಲ. ಒಂದು ವರ್ಷದ, ಕರಗಿಸಿದ ಇಲಿ (ಫ್ರೀಜರ್‌ನಲ್ಲಿಟ್ಟಿದ್ದ ಸತ್ತ ಇಲಿಯ ಹಿಮ ಬಿಡಿಸಿದ್ದು) ತಿನ್ನುತ್ತಿರುವ ಹಾವೇ ಬೇಕು ಅನ್ನಿ. ನಿಮ್ಮೆದುರೇ ಒಮ್ಮೆ ತಿನ್ನಿಸಲು ಹೇಳಿ. ಯಾವುದೇ ಹೆಬ್ಬಾವಾಗಲಿ, ಸಾಕಣೆಯಲ್ಲೇ ಹುಟ್ಟಿದ್ದೇ ಎಂಬ ಕಾಗದ ಕೇಳಿ. ಹೆಬ್ಬಾವುಗಳೆಲ್ಲ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಕೆಲವನ್ನು ಸಾಕುವುದೇ ಅಪರಾಧವಾಗಿರುವ ದೇಶಗಳೂ ಇವೆ. ನೀವಿರುವ ಕಡೆಯ ಕಾನೂನು ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಪೆಟ್ಟಿಗೆಯನ್ನು ಹಾವು ತರುವ ಮುಂಚೆಯೇ ಹೊಂದಿಸಿ. 4 ಅಡಿ ಉದ್ದ, 2 ಅಡಿ ಅಗಲ. ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25ರ ಹತ್ತಿರ, ಎರಡು ಕಡೆಯೂ ಗೂಡು. ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದ ಹೀಟರ್ ಹಾಕಲೇಬೇಡಿ, ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ.

ಪ್ರಶ್ನೆ: ನನ್ನ ಬಾಲ್ ಪೈಥಾನ್ ಏಳು ವಾರದಿಂದ ತಿಂದಿಲ್ಲ. ಬಾಯಿ ಬಿಡಿಸಿ ತಿನ್ನಿಸಲೇ? ಜೀವಂತ ಇಲಿ ಬಿಡಲೇ?

ಉತ್ತರ: ಎರಡೂ ಬೇಡ. ಹಸಿವಿಲ್ಲದ ಹಾವಿನ ಜೊತೆ ಜೀವಂತ ಇಲಿ ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ. ಬೆಚ್ಚಗಿನ ಬದಿಯ ಶಾಖ ಅಳೆಯಿರಿ, ಗೂಡು ಇಕ್ಕಟ್ಟಾಗಿದೆಯೇ ನೋಡಿ. ಎರಡು ವಾರಕ್ಕೊಮ್ಮೆ ಮಾತ್ರ ಊಟ ತೋರಿಸಿ. ಕರಗಿಸಿದ ಇಲಿಯನ್ನು ಬಿಸಿನೀರಲ್ಲಿಟ್ಟು ಮೈ ಬೆಚ್ಚಗೆ ಮಾಡಿ. ಬಾಲ್ ಪೈಥಾನ್ ತುಟಿಯ ಮೇಲಿನ ಗುಳಿಗಳಿಂದ ಶಾಖವನ್ನು ಗುರುತಿಸುತ್ತದೆ, ತಣ್ಣಗಿನ ಇಲಿ ಅದಕ್ಕೆ ಬೇಟೆಯೇ ಅಲ್ಲ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಲ್ಲಿ ಗುಳ್ಳೆ ಬಂದರೆ ಕಾಯಬೇಡಿ, ಸರೀಸೃಪ ನೋಡುವ ಪಶುವೈದ್ಯರ ಬಳಿ ಹೋಗಿ.

ಪ್ರಶ್ನೆ: ನನ್ನ ಹೆಬ್ಬಾವು ಒಂಟಿಯಾಗಿದೆ ಅನ್ನಿಸುತ್ತದೆ. ಜೊತೆಗೆ ಇನ್ನೊಂದು ಹಾಕಲೇ?

ಉತ್ತರ: ಬೇಡ. ಹೆಬ್ಬಾವಿಗೆ ಜೊತೆ ಬೇಕಿಲ್ಲ. ಎರಡೂ ಒಂದೇ ಬೆಚ್ಚಗಿನ ಮೂಲೆಗೆ ಪೈಪೋಟಿ ಮಾಡುತ್ತವೆ, ಯಾವುದು ಊಟ ಕಕ್ಕಿತು ಎಂದು ಸಹ ನಿಮಗೆ ಗೊತ್ತಾಗುವುದಿಲ್ಲ. ಎರಡನೆಯದು ಬೇಕೇ ಬೇಕೆಂದರೆ ಬೇರೆ ಪೆಟ್ಟಿಗೆ, ರೋಗ ಹರಡದಂತೆ ಮೊದಲ ಮೂರು ತಿಂಗಳು ಬೇರೆ ಕೋಣೆ. ಹಳೆಯದಕ್ಕೆ ಮೊದಲು ನೀರು ಇಟ್ಟು, ಆಮೇಲೆ ಹೊಸದರ ಹತ್ತಿರ ಹೋಗಿ. ಹೊಸದರ ನೀರಿನ ಬಟ್ಟಲಲ್ಲಿ ಕರಿ ಚುಕ್ಕೆಗಳಂತೆ ಉಣ್ಣಿಮರಿಗಳು ತೇಲುತ್ತಿವೆಯೇ ಎಂದು ದಿನಾ ನೋಡಿ.