ಗಣಿತ ಓದಿದವರು ಟ್ರಾಫಿಕ್ ಸಂಶೋಧನೆಗೆ ಬರಬಹುದಾ?

ಕಾರವಾರದಲ್ಲಿ ಬಿಎಸ್ಸಿ ಓದುತ್ತಿದ್ದೇನೆ, ಗಣಿತ ಇಷ್ಟ, ಟ್ರಾಫಿಕ್ ಬಗ್ಗೆ ಸಂಶೋಧನೆ ಮಾಡಿ ಮೇಷ್ಟ್ರಾಗಬಹುದಾ ಎಂದು ಕೇಳಿದ್ದೀರಿ. ಆಗಬಹುದು. ನಾನು ಶಿರಸಿಯವನು, ಎಂಎಸ್ಸಿ ಗಣಿತ ಮುಗಿಸಿ ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪಿಎಚ್‌ಡಿ ಮಾಡಿದವನು.

ಈ ಹುಚ್ಚು ಹತ್ತಿದ್ದು ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ. ಒಂದು ಮಳೆಗಾಲ ಧರೆ ಕುಸಿದು ಅರ್ಧ ರಸ್ತೆ ಮಾತ್ರ ಉಳಿದಿತ್ತು. ಆಚೆ ತುದಿಗೊಬ್ಬ, ಈಚೆ ತುದಿಗೊಬ್ಬ ನಿಂತು ಗಾಡಿ ಬಿಡುತ್ತಿದ್ದರು. ತಿರುವಿನಿಂದಾಗಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಫೋನಿಗೆ ನೆಟ್‌ವರ್ಕೂ ಇಲ್ಲ. ಹಾಗಾಗಿ ಕೊನೆಯ ಗಾಡಿಯವನ ಕೈಗೆ ಒಂದು ಕೋಲು ಕೊಟ್ಟು ಕಳಿಸುತ್ತಿದ್ದರು. ಕೋಲು ಬಂತು ಅಂದರೆ ದಾರಿ ಖಾಲಿ. ರೈಲಿನವರ ಟೋಕನ್ ಪದ್ಧತಿಯೇ ಅಲ್ವಾ ಇದು!

ಬಸ್ಸಿನಲ್ಲಿ ಕೂತು ಸುಮ್ನೆ ಲೆಕ್ಕ ಹಾಕಿದೆ. 300 ಮೀಟರ್ ದಾರಿ, ಸೆಕೆಂಡಿಗೆ 5 ಮೀಟರ್ ವೇಗ ಎಂದುಕೊಳ್ಳಿ. ಕೊನೆಯ ಗಾಡಿ ದಾಟಲು 60 ಸೆಕೆಂಡ್ ಬೇಕು. ಎರಡೂ ಕಡೆ ಸೇರಿ ಒಂದು ಸುತ್ತಿಗೆ 120 ಸೆಕೆಂಡ್ ದಂಡ. ಒಂದೊಂದು ಕಡೆ ಒಂದೇ ನಿಮಿಷ ಬಿಟ್ಟರೆ ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ. ನಾಲ್ಕು ನಿಮಿಷ ಬಿಟ್ಟರೆ ಐದರಲ್ಲೊಂದು ಪಾಲು ಮಾತ್ರ. ಆದರೆ ಆಗ ಎದುರು ಕಡೆಯವರು ಹಾರ್ನ್ ಹೊಡೆದು ಹೊಡೆದು ಸಾಯುತ್ತಾರೆ. ಎಷ್ಟು ಹೊತ್ತು ಬಿಟ್ಟರೆ ಒಟ್ಟು ಕಾಯುವಿಕೆ ಕಡಿಮೆಯಾದೀತು?

ಬ್ರಿಟನ್ನಿನ ರಸ್ತೆ ಸಂಶೋಧಕ ವೆಬ್‌ಸ್ಟರ್ 1958ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು ಎಂದು ಆಮೇಲೆ ಗೊತ್ತಾಯಿತು. ದಂಡದ ಒಂದೂವರೆ ಪಟ್ಟಿಗೆ 5 ಕೂಡಿಸಿ, ಅದನ್ನು 1ರಲ್ಲಿ ದಟ್ಟಣೆಯ ಅನುಪಾತ ಕಳೆದು ಉಳಿದದ್ದರಿಂದ ಭಾಗಿಸಬೇಕು. ಬರುವ ಗಾಡಿಗಳು ದಾರಿ ದಾಟಿಸಬಲ್ಲ ಗಾಡಿಗಳ ಎಷ್ಟು ಪಾಲು ಎಂದು ಎರಡೂ ಕಡೆಗೆ ಲೆಕ್ಕ ಹಾಕಿ ಕೂಡಿಸಿದರೆ ಅದೇ ಈ ಅನುಪಾತ. ದಟ್ಟಣೆ 0.5 ಇದ್ದರೆ ನಮ್ಮ ಘಟ್ಟಕ್ಕೆ 370 ಸೆಕೆಂಡಿನ ಸುತ್ತು. ಸಿಗ್ನಲ್ ದೀಪಕ್ಕೆ ಮಾಡಿದ ಸೂತ್ರ, ಕೋಲಿಗೂ ಹೊಂದುತ್ತದೆ.

ಇನ್ನೊಂದು ನನಗೆ ಬಹಳ ಇಷ್ಟ. 1955ರಲ್ಲಿ ಗಣಿತಜ್ಞರಾದ ಲೈಟ್‌ಹಿಲ್ ಮತ್ತು ವಿಥಮ್ ಜೋಡಿಯಾಗಿ ಎರಡು ಪ್ರಬಂಧ ಬರೆದರು. ಮೊದಲನೆಯದು ಉದ್ದನೆಯ ನದಿಗಳ ನೆರೆಯ ಬಗ್ಗೆ, ಎರಡನೆಯದು ವಾಹನ ದಟ್ಟಣೆಯ ಬಗ್ಗೆ. ಎರಡಕ್ಕೂ ಒಂದೇ ಗಣಿತ. ಕಾಳಿ ನದಿಯ ದಡದಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಗಣಿತದವರು ಮುಗ್ಗರಿಸುವ ಜಾಗವೂ ಇದೆ. ನನ್ನ ಪಿಎಚ್‌ಡಿಯ ಮೊದಲ ಎರಡು ವರ್ಷ ಹೆಚ್ಚುಕಡಿಮೆ ನೀರುಪಾಲು. ಗಾಡಿಗಳು ಲೇನಿನಲ್ಲಿ ಒಂದರ ಹಿಂದೊಂದು ನಿಲ್ಲುತ್ತವೆ ಎಂದು ಮಾದರಿ ಮಾಡಿದ್ದೆ. ಮಹಡಿಯ ಮೇಲಿಂದ ವಿಡಿಯೋ ತೆಗೆದು ನೋಡಿದರೆ, ಬೈಕಿನವರು ಸಂದಿಯಲ್ಲಿ ನುಗ್ಗಿ ಮುಂದೆ, ಮೀನಿನ ಆಟೋ ಅಡ್ಡಡ್ಡ, ಬಸ್ಸು ಎಲ್ಲರಿಗಿಂತ ಹಿಂದೆ. ಸಮೀಕರಣ ಚೆಂದ ಬಿಡಿಸಿದ್ದೆ, ರಸ್ತೆ ಮಾತ್ರ ನನ್ನದಾಗಿರಲಿಲ್ಲ.

ದಾರಿ ಹೇಳುತ್ತೇನೆ. ಎಂಎಸ್ಸಿಯಲ್ಲಿ ಸಂಭವನೀಯತೆ, ಆಂಶಿಕ ಅವಕಲ ಸಮೀಕರಣ, ಆಪ್ಟಿಮೈಸೇಶನ್ ಗಟ್ಟಿ ಮಾಡಿಕೊಳ್ಳಿ. ಪೈಥಾನ್ ಪ್ರೋಗ್ರಾಮಿಂಗ್ ಕಲಿಯಿರಿ. ಗೇಟ್ ಪರೀಕ್ಷೆ ಬರೆಯಿರಿ. ಸುರತ್ಕಲ್ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿ, ಮದ್ರಾಸ್ ಐಐಟಿ, ಎಲ್ಲ ಕಡೆ ಸಾರಿಗೆ ಸಂಶೋಧನೆ ನಡೆಯುತ್ತದೆ. ಗಣಿತದ ಎಂಎಸ್ಸಿಯವರನ್ನು ಸಿವಿಲ್ ಪಿಎಚ್‌ಡಿಗೆ ತೆಗೆದುಕೊಳ್ಳುತ್ತಾರಾ ಎಂದು ಆಯಾ ವರ್ಷದ ಪ್ರಕಟಣೆ ನೋಡಿ. ಕಾಯಂ ಮೇಷ್ಟ್ರ ಕೆಲಸ ಬೇಗ ಸಿಗುತ್ತದೆ ಅಂತ ನಂಬಬೇಡಿ. ನಾನು ಗೆಸ್ಟ್ ಫ್ಯಾಕಲ್ಟಿಯಾಗಿ ಮೂರು ವರ್ಷ ಕಳೆದೆ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗಂಟೆ ನಿಂತು, ಹೋಗುವ ಗಾಡಿಗಳನ್ನು ಬಗೆ ಬಗೆಯಾಗಿ ಎಣಿಸಿ ಬರೆದುಕೊಳ್ಳಿ. ಮರುದಿನವೂ ಹೋಗಬೇಕು ಅನ್ನಿಸಿತಾ, ಇಲ್ಲಿ ಬಂದು ಹೇಳಿ.