ಮೀಟಿಂಗಿಗೆ ಮುಂಚೆ ಕೌಂಟರಿಗೆ ಹೋಗಿ

ಪ್ರಶ್ನೆ: ಸಹಕಾರಿ ಸಂಘವೊಂದರಲ್ಲಿ ಕೃಷಿ ಸಲಹೆಗಾರ್ತಿಯಾಗಿ ಹೊಸದಾಗಿ ಸೇರಿದ್ದೇನೆ. ಅಡಿಕೆ ತೋಟದ ಮದ್ದಿಗೆ ಬೇಕಾದ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಮೇ ಶುರುವಿಗೇ ಬರಲಿ ಎಂದು ಮೀಟಿಂಗಿನಲ್ಲಿ ಹೇಳಿದೆ. ಕೌಂಟರಿನ ಹಿರಿಯರು ‘ಕೊನೇ ವಾರಕ್ಕೆ ತಂದರೆ ಸಾಕು’ ಅಂದರು. ಸೆಕ್ರೆಟರಿ ಅದನ್ನೇ ಒಪ್ಪಿದರು. ನನ್ನ ಮಾತಿಗೆ ಬೆಲೆ ಬರುವುದು ಹೇಗೆ?
- ಹೆಸರು ಬೇಡ, ಶಿರಸಿ

ಉತ್ತರ: ನೀವು ಹೇಳಿದ್ದು ಸರಿಯೇ. ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆಗಾಲ ಹಿಡಿಯುವ ಮುಂಚೆ ಬೀಳಬೇಕು, ಎರಡನೆಯದು 40-45 ದಿನಕ್ಕೆ. ಆದರೆ ಆ ಹಿರಿಯರು ಸುಮ್ನೆ ಅಡ್ಡ ಮಾತಾಡಿರಲಿಕ್ಕಿಲ್ಲ. ಗೋದಾಮಿನಲ್ಲಿ ಆಗ ಗೊಬ್ಬರ ತುಂಬಿರಬಹುದು. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಅವರ ಪಕ್ಕ ಕೂತು ಕೇಳಿ. ಯಾರ ತೋಟಕ್ಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಯಾವಾಗ ಬರುತ್ತಾನೆ, ಯಾರು ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿಸುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಮರ ಹತ್ತುವವರೇ ಸಿಗದ ವಾರದಲ್ಲಿ ‘ಈಗಲೇ ಹೊಡೆಸಿ’ ಅಂದರೆ ಯಾರು ಕೇಳುತ್ತಾರೆ?

ಆಮೇಲೆ ಸೆಕ್ರೆಟರಿ ಹತ್ತಿರ ಒಬ್ಬರೇ ಹೋಗಿ, ಮೀಟಿಂಗಿಗೆ ಮೊದಲೇ. ಎಲ್ಲರೆದುರು ಹೊಸ ವಿಷಯ ಬಂದರೆ ಜವಾಬ್ದಾರಿ ಹೊತ್ತವರು ಹಳಬರ ಮಾತನ್ನೇ ಹಿಡಿಯುತ್ತಾರೆ. ಎಷ್ಟು ಚೀಲ, ಎಷ್ಟು ದುಡ್ಡು, ತಡವಾದರೆ ಏನಾಗುತ್ತದೆ ಎಂದು ಅರ್ಧ ಹಾಳೆಯಲ್ಲಿ ಬರೆದುಕೊಡಿ. ಪೂರ್ತಿ ಬೇಡವಾದರೆ ಕಾಲು ಭಾಗವಾದರೂ ಮುಂಚೆ ತರಿಸಬಹುದು ಅಂತಲೂ ಸೇರಿಸಿ. ತೀರ್ಮಾನ ಅವರದ್ದು. ಒಪ್ಪದಿದ್ದರೂ ಅವರು ಹೇಳಿದ ಹಾಗೆ ಕೆಲಸ ಚೆನ್ನಾಗಿ ನಡೆಯಲು ಕೈಜೋಡಿಸಿ. ಮಳೆ ಬೇಗ ಬಂದರೆ ‘ನಾನು ಹೇಳಿದ್ದೆ’ ಅನ್ನಬೇಡಿ.

ಸದಸ್ಯರಿಗೆ ಕಣ್ಣಾರೆ ಕಾಣುವಂಥ ಸಲಹೆ ಕೊಡಿ. ಕೊಳೆಗೆ ಹೊಡೆಯುವ ಶೇ. 1ರ ಬೋರ್ಡೋ ಮದ್ದು ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣದ ಗುಣ ಒಂದೇ ಥರ ಇರುವುದಿಲ್ಲ, ಅಲ್ವಾ? ಸಂಘದ ಅಂಗಳದಲ್ಲೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮದ್ದು ತಯಾರಿಸಿ. ತಿಕ್ಕಿ ಹೊಳಪಾದ ಕಬ್ಬಿಣದ ಚೂರಿ ಅದ್ದಿ ತೋರಿಸಿ. ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ. ಚೂರಿ ಹಿಡಿಯುವ ಕೆಲಸ ಕೌಂಟರಿನ ಹಿರಿಯರಿಗೇ ಕೊಡಿ.

ಸಂಘಕ್ಕೆ ಮಾರಾಟವೂ ಬೇಕು, ನಿಜ. ಆದರೂ ಬೇಡದ ಡಬ್ಬಿಯನ್ನು ‘ಬೇಡ’ ಎನ್ನುವ ಧೈರ್ಯ ನಿಮಗಿರಲೇಬೇಕು. ನಾನು ಇದೇ ಕೆಲಸದಲ್ಲಿದ್ದಾಗ ಸದಸ್ಯರೊಬ್ಬರು ಕೀಟನಾಶಕ ಕೊಳ್ಳಲು ಬಂದಿದ್ದರು. ಉದುರಿದ ಅಡಿಕೆ ತೋರಿಸಿದರು. ಅದು ಕೊಳೆ, ಹುಳದ ಕಾಟವಲ್ಲ. ಡಬ್ಬಿ ವಾಪಸ್ ಇಡಿ ಅಂದೆ. ಮುಂದೆ ಅವರ ಕೇರಿಯವರೆಲ್ಲ ಮದ್ದು ಕೊಳ್ಳುವ ಮುಂಚೆ ನನ್ನ ಟೇಬಲ್ಲಿಗೆ ಬರತೊಡಗಿದರು. ಹೀಗೆ ಮಾಡುತ್ತೇನೆ ಎಂದು ಸೆಕ್ರೆಟರಿಗೆ ಮೊದಲೇ ತಿಳಿಸಿಡಿ.

ಗೊತ್ತಿಲ್ಲದ್ದಕ್ಕೆ ‘ಕೇಳಿ ಹೇಳ್ತೇನೆ’ ಅನ್ನಿ. ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲೇ ಇದೆ. ಗುರುವಾರ ಹೇಳುತ್ತೇನೆ ಅಂದಿದ್ದರೆ ಗುರುವಾರವೇ ಫೋನ್ ಮಾಡಿ, ಉತ್ತರ ಸಿಕ್ಕಿರದಿದ್ದರೂ.