ಪೈಪ್‌ಗಳ ಕಟ್ಟಿನಿಂದ ಮಾಡಿದ ಶಾಟ್‌ಗನ್ ಮೈಕ್ ನಿಜಕ್ಕೂ ಕೆಲಸ ಮಾಡುತ್ತಾ?

ಉದ್ದ, ಗಿಡ್ಡ ಪೈಪ್‌ಗಳನ್ನು ಒಟ್ಟಿಗೆ ಕಟ್ಟಿ ಹಿಂದೆ ಮೈಕ್ ಇಟ್ಟರೆ ದೂರದ ಹಕ್ಕಿಯ ಕೂಗು ಹತ್ತಿರ ಬಂದ ಹಾಗೆ ಕೇಳುತ್ತಾ ಅಂತ ಕೇಳಿದ್ದೀರಿ. ಕೆಲಸ ಮಾಡುತ್ತದೆ, ನಾನೂ ಮಾಡಿ ಬಳಸಿದ್ದೇನೆ. ಆದರೆ ‘ಹತ್ತಿರ ಬಂದ ಹಾಗೆ’ ಅನ್ನುವ ಆಸೆ ಬಿಟ್ಟುಬಿಡಿ. ಶಾಟ್‌ಗನ್ ಮೈಕ್ ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್. ಇದು ಸದ್ದನ್ನು ದೊಡ್ಡದು ಮಾಡುವುದಿಲ್ಲ. ಅಕ್ಕಪಕ್ಕದ ಗಲಾಟೆಯನ್ನು ಕಮ್ಮಿ ಮಾಡುತ್ತದೆ, ಅಷ್ಟೇ.

ಒಂದೊಂದು ಪೈಪೂ ಒಂದೊಂದು ಸ್ವರವನ್ನು ಹಿಡಿಯುತ್ತದೆ ಅಂತ ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಎದುರಿನ ಸದ್ದು ಉದ್ದ ಪೈಪಿಗೆ ಮೊದಲೇ ಹೊಕ್ಕು ಒಳಗೇ ಸಾಗುತ್ತದೆ. ಗಿಡ್ಡ ಪೈಪಿಗೆ ಹೋಗುವ ಸದ್ದು ಅಷ್ಟೇ ದೂರವನ್ನು ಹೊರಗೆ ಸಾಗಿ ಆಮೇಲೆ ಹೊಗುತ್ತದೆ. ಒಟ್ಟು ದಾರಿ ಒಂದೇ ಅಲ್ವಾ, ಹಾಗಾಗಿ ಎಲ್ಲವೂ ಒಟ್ಟಿಗೆ ಮೈಕ್ ಮುಟ್ಟಿ ಕೂಡಿಕೊಳ್ಳುತ್ತವೆ. ಪಕ್ಕದಿಂದ ಬಂದ ಸದ್ದು ಎಲ್ಲ ಬಾಯಿಗೂ ಹೆಚ್ಚುಕಮ್ಮಿ ಒಂದೇ ಸಲ ನುಗ್ಗುತ್ತದೆ. ಬೇರೆ ಬೇರೆ ಉದ್ದ ಸಾಗುವುದರಿಂದ ಹಿಂದುಮುಂದಾಗಿ ತಲುಪಿ, ಒಂದನ್ನೊಂದು ಅಳಿಸಿಹಾಕುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮೇಸನ್ ಮತ್ತು ಮಾರ್ಷಲ್ ಇಂಥ ಕೊಳವೆ ಮೈಕಿನ ಬಗ್ಗೆ 1939ರಲ್ಲೇ ಬರೆದಿದ್ದರು.

ಉದ್ದ ಎಷ್ಟಿರಬೇಕು ಅನ್ನುವುದನ್ನು ಅಲೆಯ ಉದ್ದ ನಿರ್ಧರಿಸುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1000 ಹರ್ಟ್ಸ್ ಅಲೆ 34 ಸೆಂ.ಮೀ., 300 ಹರ್ಟ್ಸ್ ಅಲೆ 1 ಮೀಟರಿಗೂ ಜಾಸ್ತಿ. ಅತಿ ಉದ್ದದ ಪೈಪು ಅಲೆಗಿಂತ ತೀರಾ ಗಿಡ್ಡವಾದರೆ ಆ ಸದ್ದು ಯಾವ ಕಡೆಯಿಂದ ಬಂದರೂ ಮೈಕಿಗೆ ಒಂದೇ. ಮಾತು ಬೇಕಿದ್ದರೆ 37 ಪೈಪು, 2.5 ಸೆಂ.ಮೀ.ನಿಂದ ಶುರುಮಾಡಿ ಅಷ್ಟಷ್ಟೇ ಏರಿಸುತ್ತಾ 92.5ರವರೆಗೆ. ಒಟ್ಟು ಹದಿನೇಳೂವರೆ ಮೀಟರ್ ಪೈಪು ಬೇಕು. ನಿಮಗೆ ಬೇಕಿರುವುದು ಹಕ್ಕಿ. ಹೆಚ್ಚಿನ ಚಿಕ್ಕ ಹಕ್ಕಿಗಳ ಹಾಡು 2000ದಿಂದ 8000 ಹರ್ಟ್ಸ್ ಒಳಗೆ ಇರುತ್ತದೆ. ಅದಕ್ಕೆ 19 ಪೈಪು, 2 ಸೆಂ.ಮೀ. ಉದ್ದದಿಂದ ಶುರುಮಾಡಿ ಅಷ್ಟಷ್ಟೇ ಏರಿಸುತ್ತಾ 38 ಸೆಂ.ಮೀ.ವರೆಗೆ ಸಾಕು. ನಡುವೆ ಉದ್ದದ್ದು 1, ಸುತ್ತ 6, ಅದರಾಚೆ 12 ಇಟ್ಟರೆ ಕಟ್ಟು ಗಟ್ಟಿಯಾಗಿ ಕೂರುತ್ತದೆ. ಎಲ್ಲದರ ಹಿಂಬದಿ ಒಂದೇ ಮಟ್ಟದಲ್ಲಿರಬೇಕು.

ಕತ್ತರಿಸುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಪೈಪಿನ ಬಾಯಿಯ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಿರಿ. ನಿಜವಾದ ಆಟ ಇರುವುದು ಹಿಂಬದಿಯಲ್ಲಿ. ಪೈಪ್‌ಗಳು ಮುಗಿಯುವ ಜಾಗಕ್ಕೂ ಮೈಕಿಗೂ ನಡುವಿನ ಡಬ್ಬಿ ದೊಡ್ಡದಾದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಚಪ್ಪಟೆಯಾದ, ಆದಷ್ಟು ಚಿಕ್ಕ ಮುಚ್ಚಳದಂಥದ್ದು ಸಾಕು. ಮೈಕಿಗೆ ಸಣ್ಣ ಎಲೆಕ್ಟ್ರೆಟ್ ಕ್ಯಾಪ್ಸೂಲ್ (ಗುಂಡಿಯಷ್ಟು ಚಿಕ್ಕ ಮೈಕ್ ಬಿಡಿಭಾಗ) ಹಾಕಿ, ಅದನ್ನು ಮೆತ್ತನೆ ಫೋಮಿನಲ್ಲಿ ಕೂರಿಸಿ. ಇಲ್ಲದಿದ್ದರೆ ಕೈ ಜರುಗಿದರೂ ಗರಗರ ಅನ್ನುತ್ತದೆ. ಸಂದುಗಳನ್ನೆಲ್ಲ ಸಿಲಿಕೋನ್ ಅಂಟಿನಿಂದ ಮುಚ್ಚಿ. ಪೈಪ್‌ಗಳ ನಡುವಿನ ಕಂಡಿಗಳನ್ನು ಮರೆಯಬೇಡಿ, ಸದ್ದು ಅಲ್ಲಿಂದಲೂ ನುಸುಳುತ್ತದೆ.

ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡಾಗ ಎಲ್ಲವೂ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಪೈಪಿನ ಬಾಯಿಗೆ ಊದಿದರೆ ಹೂಂ ಅನ್ನುತ್ತದಲ್ಲ, ಅದೇ ಅನುರಣನ. ಪ್ರತಿ ಪೈಪಿನ ಹಿಂದಿನ ತುದಿಗೆ ಚಿಟಿಕೆ ಉಣ್ಣೆ ಸಡಿಲವಾಗಿ ತುರುಕಿ. ಬಿಗಿಯಾಗಿ ತುಂಬಿದರೆ ಹಕ್ಕಿಯ ಚಿಲಿಪಿಲಿಯೂ ಅಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕೈದು ಪೈಪಿಗೆ ಹಾಕಿ ಕೇಳಿ, ಮತ್ತೆ ನಾಲ್ಕಕ್ಕೆ ಹಾಕಿ. ಹೀಗೆ ಕಿವಿಯಿಂದಲೇ ಹದ ನೋಡಿ. ನನಗೆ ಇಡೀ ಕೆಲಸದಲ್ಲಿ ಖುಷಿ ಕೊಟ್ಟಿದ್ದು ಇದೇ.

ಪರೀಕ್ಷೆಯನ್ನು ಕೋಣೆಯೊಳಗೆ ಮಾಡಬೇಡಿ. ಗೋಡೆಗೆ ಬಡಿದ ಸದ್ದು ಎಲ್ಲ ಕಡೆಯಿಂದಲೂ ಬಂದು, ಸುಮ್ನೆ ಕೆಲಸ ಕೆಟ್ಟಿತು ಅನ್ನಿಸುತ್ತದೆ. ಬಯಲಿನಲ್ಲಿ ಮೂರ್ನಾಲ್ಕು ಮೀಟರ್ ದೂರ ಫೋನಿಟ್ಟು ‘ಶ್‌’ ಅನ್ನುವ ವೈಟ್ ನಾಯ್ಸ್ ಹಚ್ಚಿ. ಮೈಕನ್ನು ನಿಧಾನವಾಗಿ ಆಚೆ ತಿರುಗಿಸಿ. ಸದ್ದು ಕಮ್ಮಿಯಾಗುವುದಷ್ಟೇ ಅಲ್ಲ, ಅದರ ಹರಿತ ಮೊದಲು ಹೋಗುತ್ತದೆ. ದೂರದ ವಾಹನಗಳ ಗುಂಯ್ ಮಾತ್ರ ಹೇಗೆ ತಿರುಗಿಸಿದರೂ ಇದ್ದೇ ಇರುತ್ತದೆ. ಅದನ್ನು ಆಮೇಲೆ ಸಾಫ್ಟ್‌ವೇರಿನ ಲೋ-ಕಟ್‌ನಲ್ಲಿ (ತಗ್ಗಿನ ಸ್ವರಗಳನ್ನು ಕತ್ತರಿಸುವ ಸೌಲಭ್ಯ) ತೆಗೆಯಿರಿ.

ಹಕ್ಕಿ ತುಂಬಾ ದೂರ ಇದ್ದು ಸದ್ದೇ ಸಾಲದು ಅನ್ನುವುದಾದರೆ ಬಟ್ಟಲಿನ ಹಾಗೆ ಬಾಗಿದ ಪ್ಯಾರಾಬೋಲಿಕ್ ತಟ್ಟೆಯೇ ಬೇಕು. ಅದು ಸದ್ದನ್ನು ಒಂದು ಕಡೆ ಕೂಡಿಸಿ ನಿಜಕ್ಕೂ ಹೆಚ್ಚಿಸುತ್ತದೆ. ಆದರೆ ಅರ್ಧ ಮೀಟರ್ ಅಗಲದ ತಟ್ಟೆ ಹಿಡಿದು ಪೊದೆಗಳ ನಡುವೆ ಓಡಾಡಲು ತಾಳ್ಮೆ ಬೇಕು. ಪೈಪಿನ ಕಟ್ಟಾದರೆ ಚೀಲದಲ್ಲಿ ಹಿಡಿಸುತ್ತದೆ.